ಶ್ರಾವಕನೆಂದರೆ ಕೇಳುವವನು

(ಪಂಚಕಲ್ಯಾಣ ಪ್ರತಿಷ್ಠಾ ಮಹೋತ್ಸವದ ಅಂಗವಾಗಿ ಏರ್ಪಟ್ಟ ಧಾರ್ಮಿಕ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)

 

ಜೈನ ಸಮಾಜದ ಯಾವ ಸಭೆಯೂ 'ಶ್ರಾವಕ ಶ್ರಾವಿಕೆಯರೇ' ಎಂಬ ಸಂಬೋಧನೆಯಿಲ್ಲದೆ ಆರಂಭವಾಗುವುದಿಲ್ಲ. ಆದರೆ ಆ ಪದದ ಅರ್ಥದ ಕಡೆಗೆ ಲಕ್ಷ್ಯ ಹೋಗುವುದು ವಿರಳ. ಶ್ರಾವಕನೆಂದರೆ ಕೇಳುವವನು. ಗೃಹಸ್ಥನು ಪೂಜೆ ಮಾಡುತ್ತಾನೆ, ದಾನ ಕೊಡುತ್ತಾನೆ, ಉಪವಾಸ ಕೈಗೊಳ್ಳುತ್ತಾನೆ. ಆದರೂ ಪೂರ್ವಿಕರು ಅವನಿಗೆ ಪೂಜಕನೆಂದಾಗಲಿ ದಾನಿಯೆಂದಾಗಲಿ ಹೆಸರಿಡದೆ, ಕೇಳುವವನೆಂದೇ ಹೆಸರಿಟ್ಟರು. ಕೇಳಿ ತಿಳಿದವನು ಮಾಡುವ ಪೂಜೆಗೂ ಕೊಡುವ ದಾನಕ್ಕೂ ಅರ್ಥ ಬರುತ್ತದೆಯೆಂಬುದು ಅವರ ಅಭಿಪ್ರಾಯವಾಗಿದ್ದಿರಬೇಕು.

ಈ ಮಹೋತ್ಸವದ ದಿನಗಳಲ್ಲಿ ನಡೆದ ಒಂದು ಚಿಕ್ಕ ಪ್ರಸಂಗವನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗಲಾರದು. ಜನ್ಮಾಭಿಷೇಕದ ಕಲಶವನ್ನು ಸವಾಲಿನಲ್ಲಿ ಪಡೆದ ಹಿರಿಯರೊಬ್ಬರು ಮಂಟಪದ ಬಳಿ ಕುಳಿತಿದ್ದರು. ಜೊತೆಯಲ್ಲಿ ಹತ್ತು ವರ್ಷದ ಮೊಮ್ಮಗ. ಹುಡುಗ ಆಮಂತ್ರಣ ಪತ್ರಿಕೆಯನ್ನು ಓದಿ, "ಅಜ್ಜ, ಪಂಚಕಲ್ಯಾಣ ಅಂದರೆ ಐದು ಮದುವೆಯಾ?" ಎಂದು ಕೇಳಿದನು. ಸುತ್ತಲಿದ್ದವರೆಲ್ಲ ನಕ್ಕರು, ಅಜ್ಜನವರೂ ನಕ್ಕರು. ನಗು ಮುಗಿದ ಮೇಲೆ ಅವರು ಹೇಳತೊಡಗಿದರು: "ಗರ್ಭಾವತರಣ ಒಂದು, ಜನ್ಮಾಭಿಷೇಕ ಎರಡು..." ಮೂರನೆಯದಕ್ಕೆ ಮಾತು ನಿಂತಿತು. ಪಕ್ಕದವರತ್ತ ನೋಡಿದರು. ಪಕ್ಕದವರು ಪುರೋಹಿತರತ್ತ ನೋಡಿದರು. ಅಷ್ಟರಲ್ಲಿ ವಾದ್ಯ ಮೊಳಗಿತು. ಪ್ರಶ್ನೆ ಹಾಗೆಯೇ ಉಳಿಯಿತು.

ಆ ಹಿರಿಯರ ಶ್ರದ್ಧೆಯನ್ನು ಸಂಶಯಿಸುವಂತಿಲ್ಲ. ಅವರ ಬಾಲ್ಯದಲ್ಲಿ ಮನೆಯ ಹಿರಿಯರು ರಾತ್ರಿ ಪುರಾಣ ಓದುತ್ತಿದ್ದರು. ಕೇಳಿದ್ದು ಕಿವಿಯಲ್ಲಿ ನಿಂತಿತ್ತು. ನಗರಕ್ಕೆ ಬಂದು ಅಂಗಡಿ ತೆರೆದ ಮೇಲೆ ಕೇಳುವ ಸಂದರ್ಭವೇ ಬರಲಿಲ್ಲ. ಮೊಮ್ಮಗನಿಗಂತೂ ಆರಂಭವೇ ಆಗಲಿಲ್ಲ. ಬಿಂಬಕ್ಕೆ ಪ್ರತಿಷ್ಠೆಯಾಗುತ್ತಿರುವ ಈ ಶುಭಸಂದರ್ಭದಲ್ಲಿ, ಕೇಳುವ ಪದ್ಧತಿಗೂ ಒಂದು ಪುನಃಪ್ರತಿಷ್ಠೆ ಆಗಬೇಕೆಂಬುದೇ ಈ ಭಾಷಣದ ವಿಷಯ.

ಹುಡುಗನ ಪ್ರಶ್ನೆಗೆ ಉತ್ತರವನ್ನು ಪೂರ್ಣಗೊಳಿಸುವುದಾದರೆ, ಮೂರನೆಯದು ದೀಕ್ಷಾ ಕಲ್ಯಾಣ, ನಾಲ್ಕನೆಯದು ಕೇವಲಜ್ಞಾನ ಕಲ್ಯಾಣ, ಐದನೆಯದು ಮೋಕ್ಷ ಕಲ್ಯಾಣ. ಇವುಗಳಲ್ಲಿ ನಾಲ್ಕನೆಯದನ್ನು ವಿಶೇಷವಾಗಿ ಗಮನಿಸಬೇಕು. ಕೇವಲಜ್ಞಾನವಾದೊಡನೆ ದೇವತೆಗಳು ನಿರ್ಮಿಸುವುದು ಸಮವಸರಣವನ್ನು. ಅದೊಂದು ಶ್ರವಣ ಸಭೆ. ಹನ್ನೆರಡು ಕೋಷ್ಠಗಳು, ಮುನಿಗಳು, ಆರ್ಯಿಕೆಯರು, ದೇವತೆಗಳು, ಮನುಷ್ಯರು, ಕೊನೆಗೆ ಪಶುಪಕ್ಷಿಗಳಿಗೂ ಅಲ್ಲಿ ಸ್ಥಾನವುಂಟು. ದಿವ್ಯಧ್ವನಿಯು ಅವರವರ ಭಾಷೆಯಲ್ಲಿ ಅವರವರಿಗೆ ತಿಳಿಯುತ್ತದೆ. ಶ್ರೇಣಿಕ ಮಹಾರಾಜನು ಪ್ರಶ್ನೆ ಕೇಳಿದ್ದರಿಂದಲೇ ಗೌತಮ ಗಣಧರರು ಪುರಾಣವನ್ನು ಹೇಳಿದರೆಂಬುದು ಪುರಾಣಗಳ ಸಾಮಾನ್ಯ ಪೀಠಿಕೆ. ಬಾಗಿಲು ಎಲ್ಲರಿಗೂ ತೆರೆದಿರುವುದು, ಮಾತು ಎಲ್ಲರಿಗೂ ತಿಳಿಯುವುದು, ಪ್ರಶ್ನೆಗೆ ಅವಕಾಶವಿರುವುದು ಎಂಬ ಮೂರು ಲಕ್ಷಣಗಳು ಅಲ್ಲಿಯೇ ಇವೆ.

ಶಾಸ್ತ್ರವು ಸ್ವಾಧ್ಯಾಯವನ್ನು ಅಂತರಂಗ ತಪಸ್ಸುಗಳಲ್ಲಿ ಸೇರಿಸಿದೆ. ಅದಕ್ಕೆ ಐದು ಅಂಗಗಳು: ವಾಚನಾ, ಪೃಚ್ಛನಾ, ಅನುಪ್ರೇಕ್ಷಾ, ಆಮ್ನಾಯ, ಧರ್ಮೋಪದೇಶ. ಓದುವುದು, ಕೇಳಿ ಸಂಶಯ ಪರಿಹರಿಸಿಕೊಳ್ಳುವುದು, ಮನನ ಮಾಡುವುದು, ಶುದ್ಧವಾಗಿ ಪಠಿಸುವುದು, ಇತರರಿಗೆ ತಿಳಿಸಿ ಹೇಳುವುದು. ಪ್ರಶ್ನೆ ಕೇಳುವುದೂ ತಪಸ್ಸೆಂದು ಎಣಿಸಿದ ಪರಂಪರೆಯಲ್ಲಿ ಇಂದು ಪ್ರಶ್ನೆ ಕೇಳಲು ಒಂದು ಸ್ಥಳವಾಗಲಿ ಒಂದು ವೇಳೆಯಾಗಲಿ ಇಲ್ಲದಿರುವುದು ವಿಷಾದಕರ.

ಪೂಜೆಯಿದ್ದು ವಾಚನವಿಲ್ಲದಿದ್ದರೆ ಏನಾಗುತ್ತದೆಯೆಂಬುದಕ್ಕೆ ಮೂಡಬಿದಿರೆಯ ಇತಿಹಾಸವೇ ಸಾಕ್ಷಿ. ಧವಳ, ಜಯಧವಳ, ಮಹಾಧವಳ ಗ್ರಂಥಗಳ ತಾಳೆಯೋಲೆಗಳು ಅಲ್ಲಿನ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಭದ್ರವಾಗಿದ್ದವು. ಕಾಪಾಡಿದವರ ಉಪಕಾರ ಬಹು ದೊಡ್ಡದು. ಆದರೆ ಭಕ್ತರಿಗೆ ಅವು ಬಹುಕಾಲ ದರ್ಶನದ ವಸ್ತುಗಳಾಗಿದ್ದವು, ಓದಿನ ವಸ್ತುಗಳಾಗಿರಲಿಲ್ಲ. ಮುಂದೆ ಪ್ರತಿ ಮಾಡಿಸುವ ಕಾರ್ಯ ನಡೆದು, ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಲ್ಲಿ ಧವಳಾಟೀಕಾಸಹಿತವಾದ ಷಟ್ಖಂಡಾಗಮದ ಮೊದಲ ಸಂಪುಟ ಅಚ್ಚಾಯಿತು; 16 ಸಂಪುಟಗಳು ಪೂರ್ಣಗೊಂಡದ್ದು 1958ರಲ್ಲಿ. ಮುಚ್ಚಿದ ಪೆಟ್ಟಿಗೆಗೆ ಹೂವೇರಿಸಿದರೂ ಪುಣ್ಯವುಂಟು. ಆದರೆ ಒಳಗಿರುವುದು ಹೊರಗೆ ಬಂದಾಗಲೇ ಜ್ಞಾನ ಬೆಳೆಯುತ್ತದೆ.

ಹಾಗಾದರೆ ಇಂದಿನ ನಗರಜೀವನದಲ್ಲಿ ಶ್ರವಣವನ್ನು ನಡೆಸಿಕೊಂಡು ಹೋಗುವುದು ಹೇಗೆ? ಇದಕ್ಕೆ ದೂರದ ಉದಾಹರಣೆಗಳು ಬೇಡ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿಯೇ ದಶಕಗಳಿಂದ ಈ ಕಾರ್ಯವನ್ನು ಮಾಡುತ್ತಿರುವ ಸಂಸ್ಥೆಗಳಿವೆ. ಅವುಗಳಲ್ಲಿ ಯಾವುದೂ ಜೈನ ಸಂಸ್ಥೆಯಲ್ಲ. ಆದರೂ, ಅಥವಾ ಆ ಕಾರಣದಿಂದಲೇ, ಅವುಗಳಿಂದ ಕಲಿಯುವುದು ಬಹಳವಿದೆ.

ಚಾಮರಾಜಪೇಟೆಯ ಬಡಾವಣೆ 1892ರಲ್ಲಿ ಆರಂಭವಾಯಿತು. 1898ರಲ್ಲಿ ಪ್ಲೇಗ್ ಮಾರಿ ಪೇಟೆಯ ಇಕ್ಕಟ್ಟಾದ ಬೀದಿಗಳನ್ನು ಹೊಕ್ಕಾಗ, ಗಾಳಿ ಬೆಳಕುಗಳಿರುವ ಬಸವನಗುಡಿ ಮತ್ತು ಮಲ್ಲೇಶ್ವರಗಳು ಹುಟ್ಟಿದವು. ದೇಹದ ಆರೋಗ್ಯವನ್ನು ಉದ್ದೇಶಿಸಿ ಕಟ್ಟಿದ ಈ ಬಡಾವಣೆಗಳು ಮುಂದೆ ಮನಸ್ಸಿನ ಆರೋಗ್ಯಕ್ಕೂ ಮನೆಗಳನ್ನು ಕಟ್ಟಿಕೊಂಡವು.

ಅವುಗಳಲ್ಲಿ ಮೊದಲು ಹೆಸರಿಸಬೇಕಾದದ್ದು ಬಸವನಗುಡಿಯ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್. ಇದು ಆರಂಭವಾದ ದಿನ 1945ನೆಯ ಇಸವಿ ಆಗಸ್ಟ್ 11. ಆ ದಿನಾಂಕವನ್ನು ಸ್ವಲ್ಪ ಆಲೋಚಿಸಬೇಕು. ಎರಡು ದಿನಗಳ ಹಿಂದೆ ನಾಗಸಾಕಿಯ ಮೇಲೆ ಅಣುಬಾಂಬು ಬಿದ್ದಿತ್ತು. ಜಪಾನಿನ ಶರಣಾಗತಿಗೆ ಇನ್ನೂ ನಾಲ್ಕು ದಿನಗಳಿದ್ದವು. ಜಗತ್ತು ಹಿಂಸೆಯ ಪರಾಕಾಷ್ಠೆಯನ್ನು ಕಾಣುತ್ತಿದ್ದ ಆ ವಾರದಲ್ಲಿ, ಬಸವನಗುಡಿಯಲ್ಲಿ ಕೆಲವರು ಸೇರಿ, ಮನುಷ್ಯನು ಮನುಷ್ಯನನ್ನು ಅರಿಯಲು ಒಂದು ಸಭಾಗೃಹ ಬೇಕೆಂದು ನಿಶ್ಚಯಿಸಿದರು. ಅಹಿಂಸೆಯನ್ನು ಪರಮಧರ್ಮವೆನ್ನುವವರು ಈ ಸಂಗತಿಯನ್ನು ಆದರದಿಂದ ಸ್ಮರಿಸಬೇಕು.

ಸ್ಥಾಪಕರಾದ ಬಿ. ಪಿ. ವಾಡಿಯಾ ಅವರು ಮುಂಬಯಿಯ ಪಾರಸಿ ಮನೆತನದವರು, 1881ರಲ್ಲಿ ಹುಟ್ಟಿದವರು. ತಾರುಣ್ಯದಲ್ಲಿ ಜವಳಿ ವ್ಯಾಪಾರದಲ್ಲಿದ್ದು, ಅದನ್ನು ಬಿಟ್ಟು ಬ್ರಹ್ಮವಿದ್ಯೆಯ ಪ್ರಸಾರಕ್ಕೆ ಬದುಕನ್ನು ಮೀಸಲಿಟ್ಟವರು. ಹೋಂ ರೂಲ್ ಚಳವಳಿಯಲ್ಲಿ ಅನಿಬೆಸೆಂಟರೊಡನೆ 1917ರಲ್ಲಿ ಸರ್ಕಾರದ ನಿರ್ಬಂಧಕ್ಕೆ ಒಳಗಾದವರು. 1918ರಲ್ಲಿ ಮದರಾಸಿನ ಗಿರಣಿ ಕಾರ್ಮಿಕರಿಗಾಗಿ ಸಂಘವನ್ನು ಕಟ್ಟಿದವರು. ಅವರ ಪತ್ನಿ ಸೋಫಿಯಾ ವಾಡಿಯಾ ಹುಟ್ಟಿದ್ದು ದಕ್ಷಿಣ ಅಮೆರಿಕದ ಕೊಲಂಬಿಯಾದಲ್ಲಿ. ಎಲ್ಲಿಯ ಮುಂಬಯಿ, ಎಲ್ಲಿಯ ಕೊಲಂಬಿಯಾ, ಎಲ್ಲಿಯ ಬಸವನಗುಡಿ! ಈ ದಂಪತಿಗಳು ಆರಂಭಿಸಿದ ಸಂಸ್ಥೆ ಮೊದಲು 'ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಕಲ್ಚರ್' ಎಂಬ ಹೆಸರಿನಲ್ಲಿತ್ತು. ವಿಶ್ವಸಂಸ್ಕೃತಿಯೆಂಬ ವಿಶೇಷಣ ಅನಂತರ ಸೇರಿತು. ವಾಡಿಯಾ ಅವರು 1958ರಲ್ಲಿ ತೀರಿಕೊಂಡರು. ಸಂಸ್ಥೆಯಿರುವ ರಸ್ತೆಗೆ ಅವರ ಹೆಸರಿದೆ.

ಅಲ್ಲಿ ಉಪನ್ಯಾಸವಿದೆ, ಸಂಗೀತವಿದೆ, ನೃತ್ಯವಿದೆ, ಚಿತ್ರಪ್ರದರ್ಶನವಿದೆ, ಚಲನಚಿತ್ರವಿದೆ. ದೊಡ್ಡ ಪುಸ್ತಕಭಂಡಾರವಿದೆ, ಮಕ್ಕಳಿಗೆ ಬೇರೆ ಪುಸ್ತಕಾಲಯವಿದೆ. ಉಪನ್ಯಾಸಗಳಲ್ಲಿ ಆಯ್ದವನ್ನು ಚಿಕ್ಕ ಪುಸ್ತಿಕೆಗಳಾಗಿ ಅಚ್ಚು ಮಾಡಿಸಿದ್ದೂ ಉಂಟು. ನಿವೃತ್ತ ಗುಮಾಸ್ತರು, ಕಾಲೇಜಿನ ವಿದ್ಯಾರ್ಥಿಗಳು, ಮನೆಗೆಲಸ ಮುಗಿಸಿ ಬಂದ ಗೃಹಿಣಿಯರು ಒಂದೇ ಸಾಲಿನಲ್ಲಿ ಕುಳಿತು ಇಂದು ಉಪನಿಷತ್ತು, ನಾಳೆ ಹೃದ್ರೋಗ, ಮತ್ತೊಂದು ದಿನ ಹಂಪೆಯ ಶಿಲ್ಪ ಎಂದು ಕೇಳಿ ಹೋಗುತ್ತಾರೆ. ಯಾರನ್ನೂ ಯಾವ ಜಾತಿ, ಯಾವ ಮತ ಎಂದು ಬಾಗಿಲಲ್ಲಿ ಕೇಳುವುದಿಲ್ಲ.

ಅದೇ 1945ರಲ್ಲಿ, ಅದೇ ಬಸವನಗುಡಿಯ ನೆರೆಯಲ್ಲಿ, ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯೂ ಹುಟ್ಟಿತು. ಅದರ ಸ್ಥಾಪಕರು ಡಿ. ವಿ. ಗುಂಡಪ್ಪನವರು. ಅವರ ಶಾಲಾ ಶಿಕ್ಷಣ ಮೆಟ್ರಿಕ್ಯುಲೇಷನ್ನಿನ ಹೊಸ್ತಿಲಲ್ಲೇ ನಿಂತಿತೆಂಬುದನ್ನು, ಹೆಚ್ಚು ಓದಲಾಗಲಿಲ್ಲವೆಂದು ಸಂಕೋಚಪಡುವ ವರ್ತಕ ಬಂಧುಗಳು ನೆನಪಿಡಬೇಕು. ಕೇಳಿ, ಓದಿ, ಚರ್ಚಿಸಿ ಬೆಳೆದ ವಿದ್ವತ್ತು ಅವರದು. ಸಂಸ್ಥೆಯ ಅಧ್ಯಯನ ಗೋಷ್ಠಿಯಲ್ಲಿ ಭಗವದ್ಗೀತೆಯನ್ನು ಕುರಿತು ಅವರು ನಡೆಸಿದ ವ್ಯಾಖ್ಯಾನಗಳೇ ಮುಂದೆ ಗ್ರಂಥರೂಪಕ್ಕೆ ಬಂದು, ಅದಕ್ಕೆ 1967ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಚಿಕ್ಕ ಕೋಣೆಯ ಗೋಷ್ಠಿಯೊಂದು ನಾಡಿಗೆ ಗ್ರಂಥವನ್ನು ಕೊಟ್ಟ ಉದಾಹರಣೆ ಇದು. 1970ರಲ್ಲಿ ನಾಡಿನ ಜನ ಅವರನ್ನು ಸನ್ಮಾನಿಸಿ ಅರ್ಪಿಸಿದ ನಿಧಿಯನ್ನು ಅವರು ಮನೆಗೆ ಒಯ್ಯಲಿಲ್ಲ, ಸಂಸ್ಥೆಗೇ ಕೊಟ್ಟರು. 1975ರಲ್ಲಿ ಅವರು ತೀರಿಕೊಂಡರು. ಅವರಿಲ್ಲದ ಮೇಲೂ ರಾಮಾಯಣ, ಮಹಾಭಾರತ, ಕಗ್ಗ, ಅಲಂಕಾರಶಾಸ್ತ್ರ ಎಂದು ಹಲವು ದಿನಗಳ ಉಪನ್ಯಾಸ ಮಾಲಿಕೆಗಳು ಅಲ್ಲಿ ನಡೆದುಬಂದಿವೆ. ಕಟ್ಟಿದವನು ಹೋದ ಮೇಲೂ ಉಳಿಯುವಂತೆ ಕಟ್ಟುವುದು ನಿಜವಾದ ಸಂಘಟನೆ.

ಚಾಮರಾಜಪೇಟೆಯ ಕಡೆಗೆ ಬಂದರೆ, 1915ರಲ್ಲಿ ಸ್ಥಾಪಿತವಾದ ಕನ್ನಡ ಸಾಹಿತ್ಯ ಪರಿಷತ್ತು ಇದೆ. ಪರಿಷತ್ತಿನ ಮಂದಿರವಿರುವ ರಸ್ತೆಯ ಹೆಸರು ಪಂಪಮಹಾಕವಿ ರಸ್ತೆ. ಆದಿಪುರಾಣವನ್ನು ಬರೆದ ಕವಿಯ ಹೆಸರನ್ನು ಪ್ರತಿದಿನ ಸಾವಿರಾರು ಜನ ವಿಳಾಸವಾಗಿ ಬರೆಯುತ್ತಾರೆ, ಉಚ್ಚರಿಸುತ್ತಾರೆ. ಅಲ್ಲಿ ಪಂಪ, ಪೊನ್ನ, ರನ್ನ, ಜನ್ನರನ್ನು ಕುರಿತ ಉಪನ್ಯಾಸಗಳು ನಡೆಯುತ್ತವೆ. ಎನ್. ಆರ್. ಕಾಲೊನಿಯಲ್ಲಿ ಪ್ರೊ. ಎಂ. ವಿ. ಸೀತಾರಾಮಯ್ಯನವರು 1979ರಲ್ಲಿ ಸ್ಥಾಪಿಸಿದ ಬಿ. ಎಂ. ಶ್ರೀ ಸ್ಮಾರಕ ಪ್ರತಿಷ್ಠಾನವು ಹಸ್ತಪ್ರತಿಗಳನ್ನು ಸಂಗ್ರಹಿಸಿ, ಹಳಗನ್ನಡದ ಅಧ್ಯಯನವನ್ನು ಉಳಿಸಿಕೊಂಡು ಬಂದಿದೆ. ಜೈನಕವಿಗಳ ಕಾವ್ಯವನ್ನು ಅರ್ಥ ಮಾಡಿ ಹೇಳುವವರಲ್ಲಿ ಜೈನೇತರರೇ ಹೆಚ್ಚೆಂಬುದು ಸಂತೋಷದ ಸಂಗತಿ. ಆದರೆ ಕೇಳುವ ಸಭೆಯಲ್ಲಿ ಜೈನರು ಎಷ್ಟು ಮಂದಿಯೆಂದು ಪ್ರತಿಯೊಬ್ಬರೂ ತಮ್ಮನ್ನು ತಾವೇ ಕೇಳಿಕೊಳ್ಳತಕ್ಕದ್ದು. ಮುದ್ರಣವಿಲ್ಲದ ಕಾಲದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ 1000 ಪ್ರತಿಗಳನ್ನು ಮಾಡಿಸಿ ಹಂಚಿದಳು. ಅವಳ ಹೆಸರನ್ನು ಹೇಳಿಕೊಳ್ಳುವ ಸಮಾಜದಲ್ಲಿ ಆ ಪುರಾಣದ ಒಂದು ಪ್ರತಿಯೂ ಇಲ್ಲದ ಮನೆಗಳು ಎಷ್ಟೋ!

ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ 1962ರಲ್ಲಿ ಆರಂಭವಾದ ಬೆಂಗಳೂರು ಸೈನ್ಸ್ ಫೋರಂ ಇನ್ನೊಂದು ಮಾದರಿ. ಅದರ ಹಿಂದಿದ್ದವರು ಡಾ. ಎಚ್. ನರಸಿಂಹಯ್ಯನವರು, ಗಾಂಧಿವಾದಿಗಳು, ಅವಿವಾಹಿತರು, ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯಲ್ಲಿಯೇ ಜೀವಮಾನವನ್ನು ಕಳೆದವರು. ಯಾವುದನ್ನೂ ವಿಚಾರಿಸದೆ ಒಪ್ಪಬಾರದೆಂಬುದು ಅವರ ನಿಲುವು. ಪವಾಡಗಳ ವಿಷಯದಲ್ಲಿ ಅವರಿಗೂ ಶ್ರದ್ಧಾವಂತರಿಗೂ ವಾಗ್ವಾದ ನಡೆದದ್ದು ನಾಡಿಗೆ ತಿಳಿದದ್ದೇ. ಆದರೂ ಧಾರ್ಮಿಕ ಸಭೆಯಲ್ಲಿ ಅವರ ಹೆಸರು ಹೇಳಲು ಹಿಂಜರಿಯಬೇಕಾಗಿಲ್ಲ. ವಾರಕ್ಕೊಮ್ಮೆ ತಪ್ಪದೆ ವಿಜ್ಞಾನದ ಉಪನ್ಯಾಸ, ಜೊತೆಗೆ ವಿಜ್ಞಾನ ಚಿತ್ರಗಳ ಪ್ರದರ್ಶನ, ಕೊನೆಯಲ್ಲಿ ಸಭಿಕರ ಪ್ರಶ್ನೆಗಳು ಎಂಬ ಕ್ರಮವನ್ನು ಅವರ ಬಳಗ ಬೆಳೆಸಿತು. ಅವರು 2005ರಲ್ಲಿ ತೀರಿಕೊಂಡ ಮೇಲೂ ವೇದಿಕೆ ಉಳಿದಿದೆ. ಪೃಚ್ಛನಾ ಎಂಬ ತಪಸ್ಸನ್ನು ಆ ಹೆಸರು ಹೇಳದೆಯೇ ಅವರು ನಡೆಸಿದರೆಂದರೆ ಅತಿಶಯೋಕ್ತಿಯಾಗದು.

ಈ ಸಭೆಗಳಲ್ಲಿ ವೈದ್ಯರ ಉಪನ್ಯಾಸಗಳಿಗೂ ಸ್ಥಾನವಿದೆ. ಇದು ವರ್ತಕ ಸಮಾಜಕ್ಕೆ ಬಹಳ ಬೇಕಾದ ವಿಷಯ. ಬೆಳಗ್ಗೆ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನು ರಾತ್ರಿ ಏಳುತ್ತಾನೆ. ನಡಿಗೆಯಿಲ್ಲ, ಹೊತ್ತಿಗೆ ಸರಿಯಾದ ಊಟವಿಲ್ಲ, ಸಾಲ ಮತ್ತು ವಸೂಲಿಯ ಚಿಂತೆ ಸದಾ ತಲೆಯಲ್ಲಿ. ಸಕ್ಕರೆ ಕಾಯಿಲೆಯೂ ರಕ್ತದೊತ್ತಡವೂ ಅಂಗಡಿಯ ಪಾಲುದಾರರಂತೆ ಬಂದು ಕೂರುತ್ತವೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ, ಒಳ್ಳೆಯ ವೈದ್ಯರೊಬ್ಬರ ಒಂದು ಗಂಟೆಯ ಉಪನ್ಯಾಸವು ಔಷಧದಾನವೂ ಹೌದು, ಶಾಸ್ತ್ರದಾನವೂ ಹೌದು. ಭಯವನ್ನು ಕಳೆಯುವುದರಿಂದ ಅಭಯದಾನವೂ ಹೌದು.

ಇನ್ನು ಚಲನಚಿತ್ರದ ವಿಷಯ. ಬಸದಿಯ ಆವರಣದಲ್ಲಿ ಸಿನಿಮಾ ಎಂದೊಡನೆ ಹಿರಿಯರ ಹುಬ್ಬು ಗಂಟಿಕ್ಕುವುದು ಸಹಜ. ಅವರ ಆತಂಕಕ್ಕೆ ಕಾರಣವಿದೆ. ಆದರೆ ಎಲ್ಲ ಚಿತ್ರಗಳೂ ಮನರಂಜನೆಯ ಸರಕಲ್ಲ. 1948ರಲ್ಲಿ ಸ್ಥಾಪಿತವಾದ ಭಾರತ ಸರ್ಕಾರದ ಫಿಲ್ಮ್ಸ್ ಡಿವಿಷನ್ ಕಲೆ, ಶಿಲ್ಪ, ಆರೋಗ್ಯ, ಮಹನೀಯರ ಜೀವನ ಮೊದಲಾದ ವಿಷಯಗಳ ಸಾಕ್ಷ್ಯಚಿತ್ರಗಳನ್ನು ದಶಕಗಳ ಕಾಲ ತಯಾರಿಸಿತು. 2022ರಲ್ಲಿ ಆ ಸಂಸ್ಥೆ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನವಾಯಿತು. ಹಿಂದೆ ಇಂತಹ ಚಿತ್ರಗಳು 16 ಮಿಲಿಮೀಟರಿನ ರೀಲುಗಳಲ್ಲಿ ಬರುತ್ತಿದ್ದವು. ಯಂತ್ರ ತರಿಸಬೇಕು, ನಡೆಸುವವನನ್ನು ಕರೆಸಬೇಕು, ನಡುವೆ ವಿದ್ಯುತ್ತು ಹೋದರೆ ಮೇಣದಬತ್ತಿ ಹಚ್ಚಿ ಕಾಯಬೇಕು. ಈಗ ಅಂಗೈಯಗಲದ ಪೆಟ್ಟಿಗೆಯೊಂದು ಗೋಡೆಯ ಮೇಲೆ ಚಿತ್ರ ಮೂಡಿಸುತ್ತದೆ. ಸಾಧನ ಸುಲಭವಾಗಿದೆ, ಆಯ್ಕೆಯ ವಿವೇಕ ಮಾತ್ರ ಹಿಂದಿಗಿಂತ ಹೆಚ್ಚು ಬೇಕಾಗಿದೆ.

ಕನ್ನಡಿಗರೇ ಆದ ಜಿ. ವಿ. ಅಯ್ಯರ್ ಅವರು 1983ರಲ್ಲಿ ಆದಿಶಂಕರಾಚಾರ್ಯರನ್ನು ಕುರಿತು ಸಂಸ್ಕೃತದಲ್ಲಿ ಚಿತ್ರ ಮಾಡಿದರು. ಸಂಸ್ಕೃತ ಭಾಷೆಯ ಮೊದಲ ಕಥಾಚಿತ್ರವದು. 1986ರಲ್ಲಿ ಮಧ್ವಾಚಾರ್ಯರನ್ನು ಕುರಿತು ಕನ್ನಡದಲ್ಲಿ ಮಾಡಿದರು. ತತ್ತ್ವವನ್ನೂ ತೆರೆಯ ಮೇಲೆ ಗಂಭೀರವಾಗಿ ಹೇಳಬಹುದೆಂದು ಅವು ತೋರಿಸಿದವು. 1971ರಲ್ಲಿ ಆರಂಭವಾಗಿ ಇಂದು ಬನಶಂಕರಿಯಲ್ಲಿ ನೆಲೆಸಿರುವ ಸುಚಿತ್ರಾ ಫಿಲ್ಮ್ ಸೊಸೈಟಿಯು, ಚಿತ್ರವನ್ನು ನೋಡಿ ಎದ್ದು ಹೋಗದೆ ಅದನ್ನು ಕುರಿತು ಮಾತನಾಡುವ ಅಭ್ಯಾಸವನ್ನು ನಗರದಲ್ಲಿ ಬೆಳೆಸಿತು. ಆ ಅಭ್ಯಾಸವೇ ಮುಖ್ಯ. ನೋಡಿದ್ದು ಚರ್ಚೆಯಿಂದ ಮನನಕ್ಕೆ ಬಂದಾಗ ಅದು ಅನುಪ್ರೇಕ್ಷೆಯಾಗುತ್ತದೆ.

ಒಂದು ಉದಾಹರಣೆಯನ್ನು ಊಹಿಸಿಕೊಳ್ಳಬಹುದು. ಶ್ರವಣಬೆಳಗೊಳದ ವಿಂಧ್ಯಗಿರಿಗೆ ಆರು ನೂರಕ್ಕೂ ಹೆಚ್ಚು ಮೆಟ್ಟಿಲುಗಳು. ಮಂಡಿನೋವಿನ ಅಜ್ಜಿಗೆ ಇನ್ನು ಆ ಬೆಟ್ಟ ಹತ್ತಲಾಗದು. 1981ರ ಸಹಸ್ರಾಬ್ದಿ ಮಹಾಮಸ್ತಕಾಭಿಷೇಕವನ್ನು ಅವರು ತಾರುಣ್ಯದಲ್ಲಿ ಕಂಡಿದ್ದಾರೆ. ಮೊಮ್ಮಗಳು 2018ರದನ್ನೂ ಕಾಣಲಿಲ್ಲ. ಇಬ್ಬರೂ ಒಂದೇ ಚಾಪೆಯ ಮೇಲೆ ಕುಳಿತು ಅಭಿಷೇಕದ ಚಿತ್ರವನ್ನು ನೋಡಿದರೆ, ಹಾಲಿನ ಧಾರೆ ಇಳಿಯುವುದನ್ನು ಕಂಡ ಅಜ್ಜಿ ತಾವು ಕಂಡದ್ದನ್ನು ಹೇಳದೆ ಇರಲಾರರು. ಹಳೇಬೀಡಿನಲ್ಲಿ 1133ರಲ್ಲಿ ಪ್ರತಿಷ್ಠೆಯಾದ ಪಾರ್ಶ್ವನಾಥ ಬಸದಿಯ ಕಂಬಗಳು ಕನ್ನಡಿಯಂತೆ ಹೊಳೆಯುತ್ತವೆ. ಪ್ರವಾಸಕ್ಕೆ ಹೋದವರು ಅದರಲ್ಲಿ ಮುಖ ನೋಡಿಕೊಂಡು ಬರುತ್ತಾರೆ. ಅದನ್ನು ಕಟ್ಟಿಸಿದವನು ದಂಡನಾಯಕ ಗಂಗರಾಜನ ಮಗ ಬೊಪ್ಪದೇವನೆಂದು ಹೇಳುವವರೊಬ್ಬರು ಚಿತ್ರದ ಜೊತೆಗಿದ್ದರೆ, ಮುಂದಿನ ಸಲ ಹೋದಾಗ ಕಂಬದಲ್ಲಿ ಮುಖದ ಜೊತೆಗೆ ಚರಿತ್ರೆಯೂ ಕಾಣುತ್ತದೆ.

ಈ ಎಲ್ಲ ಸಂಸ್ಥೆಗಳನ್ನು ವ್ಯಾಪಾರಿಯ ಕಣ್ಣಿನಿಂದ ನೋಡಿದರೆ ಕೆಲವು ಸಮಾನ ಗುಣಗಳು ಕಾಣುತ್ತವೆ. ಮೊದಲನೆಯದು, ವೇಳೆಯ ನಿಯಮ. ಅಂಗಡಿಯ ಬಾಗಿಲು ಒಂದು ದಿನ ತೆರೆದು ಎರಡು ದಿನ ಮುಚ್ಚಿದರೆ ಗಿರಾಕಿ ಬರುವುದಿಲ್ಲ; ಸಭೆಯೂ ಹಾಗೆಯೇ. ಎರಡನೆಯದು, ಮುಕ್ತ ಪ್ರವೇಶ. ಮೂರನೆಯದು, ಮಾತಿನ ಜೊತೆಗೆ ಪುಸ್ತಕ. ಕೇಳಿದವನು ಮರುದಿನ ಓದಲು ಅನುಕೂಲ. ನಾಲ್ಕನೆಯದು, ಸಭಿಕರ ಸಂಖ್ಯೆಯನ್ನು ಕಂಡು ಎದೆಗುಂದದಿರುವುದು. ಇಪ್ಪತ್ತು ಜನ ಬಂದ ಸಂಜೆಯೂ ಇನ್ನೂರು ಜನ ಬಂದ ಸಂಜೆಯೂ ಒಂದೇ ಶಿಸ್ತಿನಿಂದ ನಡೆಯಬೇಕು.

ಈಗ ಆಕ್ಷೇಪಗಳ ಕಡೆಗೆ ಬರಬೇಕು. ಬಸದಿಯ ಪಕ್ಕದಲ್ಲಿ ಸಭಾಭವನವನ್ನು ಕಟ್ಟಿದರೆ ಮದುವೆ ಮುಂಜಿಗಳಿಗೆ ಬಾಡಿಗೆಗೆ ಕೊಟ್ಟು ಆದಾಯ ಮಾಡಬಹುದು. ಉಪನ್ಯಾಸದಿಂದ ಬರುವುದೇನು ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಬಸದಿಯ ದೀಪಕ್ಕೆ ಎಣ್ಣೆ ಬೇಕು, ಅರ್ಚಕರಿಗೆ ಸಂಬಳ ಬೇಕು. ಆದುದರಿಂದ ಬಾಡಿಗೆಯನ್ನು ಬಿಡಬೇಕೆಂದು ಯಾರೂ ಹೇಳುವುದಿಲ್ಲ. ತಿಂಗಳಿಗೆ ಎರಡು ಸಂಜೆಗಳನ್ನು ಮಾತ್ರ, ಎಷ್ಟೇ ದೊಡ್ಡ ಬಾಡಿಗೆ ಬಂದರೂ ಕೊಡದಂತೆ, ನಿಯಮಾವಳಿಯಲ್ಲಿಯೇ ಬರೆದಿಡಬೇಕು. ಬರೆದಿಡದಿದ್ದರೆ ಮೊದಲ ವರ್ಷದ ಉತ್ಸಾಹ ಎರಡನೆಯ ವರ್ಷದ ಲಗ್ನದ ತಿಂಗಳಿನಲ್ಲಿ ಕರಗಿಹೋಗುವುದು ನಿಶ್ಚಯ.

ತಿಂಗಳಿಗೆ ಎರಡರಂತೆ ವರ್ಷಕ್ಕೆ 24 ಸಂಜೆಗಳು. 24 ತೀರ್ಥಂಕರರ ಹೆಸರಿನಲ್ಲಿ ಒಂದೊಂದು ಸಂಜೆ. ಇದಕ್ಕೆ ಸಾಹಿತ್ಯ ಪರಿಷತ್ತು ಅನುಸರಿಸುತ್ತಿರುವ ದತ್ತಿ ಪದ್ಧತಿಯೇ ಉತ್ತಮ. ಒಂದು ಮನೆತನದವರು ತಮ್ಮ ಹಿರಿಯರ ಸ್ಮರಣೆಗಾಗಿ ಒಂದು ಲಕ್ಷ ರೂಪಾಯಿಯನ್ನು ದತ್ತಿಯಾಗಿ ಇಟ್ಟರೆ, ನೂರಕ್ಕೆ ಆರರ ಬಡ್ಡಿಯೆಂದು ಹಿಡಿದರೂ ವರ್ಷಕ್ಕೆ 6,000 ರೂಪಾಯಿ. ಉಪನ್ಯಾಸಕರ ಪ್ರಯಾಣವೆಚ್ಚ, ಫಲತಾಂಬೂಲ, ಸಭಿಕರಿಗೆ ಲಘು ಉಪಾಹಾರ ಇಷ್ಟರಲ್ಲಿ ಸರಳವಾಗಿ ನಡೆಯುತ್ತದೆ. ಅಸಲು ಹಾಗೆಯೇ ಉಳಿಯುತ್ತದೆ. 24 ಮನೆತನಗಳು ಮುಂದೆ ಬಂದರೆ ಕಾರ್ಯ ಶಾಶ್ವತವಾಯಿತು. ಈ ಮಹೋತ್ಸವದಲ್ಲಿ ಒಂದೊಂದು ಕಲಶಕ್ಕೆ ಸವಾಲಿನಲ್ಲಿ ಏರಿದ ಮೊತ್ತವನ್ನು ಕೇಳಿದವರಿಗೆ ಇದು ಭಾರವೆಂದು ತೋರಲಾರದು.

ಸಂಜೆಯ ಸಭೆಗೆ ಬಂದರೆ ಸೂರ್ಯಾಸ್ತಕ್ಕೆ ಮುಂಚಿನ ಊಟ ತಪ್ಪುವುದೆಂದು ವ್ರತಸ್ಥರು ಹೇಳುವುದುಂಟು. ಭಾನುವಾರ ಮಧ್ಯಾಹ್ನ ಮೂರೂವರೆಗೆ ಆರಂಭಿಸಿ ಐದಕ್ಕೆ ಮುಗಿಸಿದರೆ ಉಪಾಹಾರಕ್ಕೂ ಮನೆ ಸೇರುವುದಕ್ಕೂ ಹೊತ್ತಿರುತ್ತದೆ. ಉಪನ್ಯಾಸಕರು ಯಾರು ಸಿಗುತ್ತಾರೆಂಬ ಚಿಂತೆಗೂ ಕಾರಣವಿಲ್ಲ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ವೇದಿಕೆಗಳಲ್ಲಿ ಮಾತನಾಡುವ ವಿದ್ವಾಂಸರು, ವೈದ್ಯರು, ವಿಜ್ಞಾನಿಗಳು ಆದರದಿಂದ ಕರೆದರೆ ಬಸದಿಯ ಸಭೆಗೂ ಬರುತ್ತಾರೆ. ಎಲ್ಲರೂ ಜೈನರೇ ಆಗಬೇಕೆಂಬ ನಿರ್ಬಂಧ ಬೇಡ. ಒಂದು ವಸ್ತುವಿಗೆ ಅನೇಕ ಮುಖಗಳಿವೆಯೆಂದು ಸಾರಿದ ಧರ್ಮದವರು ಬೇರೆಯವರ ಮಾತಿಗೆ ಕಿವಿಗೊಡಲು ಅಂಜಬಾರದು. ಚಿತ್ರಪ್ರದರ್ಶನಕ್ಕೆ ಮಾತ್ರ ಎರಡು ಎಚ್ಚರಿಕೆಗಳು: ಸಮಿತಿಯ ಇಬ್ಬರಾದರೂ ಮೊದಲು ನೋಡಿ ಒಪ್ಪಿರಬೇಕು, ಹಕ್ಕುಳ್ಳವರ ಅನುಮತಿಯನ್ನು ಪಡೆದಿರಬೇಕು. ಅನುಮತಿಯಿಲ್ಲದೆ ತೋರಿಸುವುದು ಅಚೌರ್ಯವ್ರತಕ್ಕೆ ಭಂಗವೆಂಬುದನ್ನು ಶ್ರಾವಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಪ್ರತಿಯೊಂದು ಸಭೆಯ ಕೊನೆಯ ಅರ್ಧ ಗಂಟೆಯನ್ನು ಪ್ರಶ್ನೆಗಳಿಗೆ ಮೀಸಲಿಡಬೇಕು. ಅದರಲ್ಲಿ ಮೊದಲ ಪ್ರಶ್ನೆಯನ್ನು ಹದಿನೈದು ವರ್ಷದೊಳಗಿನವರೇ ಕೇಳಬೇಕೆಂಬ ನಿಯಮವಿದ್ದರೆ ಇನ್ನೂ ಒಳಿತು. ಮಕ್ಕಳ ಪ್ರಶ್ನೆಗೆ ನಗುವವರು ನಗಲಿ. ನಕ್ಕ ಮೇಲೆ ಉತ್ತರವನ್ನೂ ಕೊಡಲಿ.

ಧರ್ಮಬಂಧುಗಳೇ, ನಾಳೆ ಚಪ್ಪರವನ್ನು ಬಿಚ್ಚುತ್ತಾರೆ. ದೂರದ ಊರುಗಳಿಂದ ಬಂದ ಬಂಧುಗಳು ಹೊರಡುತ್ತಾರೆ. ಬಿಂಬವು ಬಸದಿಯಲ್ಲಿ ಶಾಂತವಾಗಿ ನೆಲೆಸಿರುತ್ತದೆ. ಅರ್ಚಕರು ಬೆಳಗ್ಗೆ ಸಂಜೆ ಪೂಜೆಯನ್ನು ತಪ್ಪಿಸುವುದಿಲ್ಲ. ಪ್ರತಿಷ್ಠಾಚಾರ್ಯರ ಕಾರ್ಯ ಇಂದಿಗೆ ಸಂಪೂರ್ಣವಾಯಿತು. ಶ್ರಾವಕರ ಕಾರ್ಯ ಇನ್ನು ಆರಂಭವಾಗಬೇಕಾಗಿದೆ. ಮುಂದಿನ ವಾರ್ಷಿಕೋತ್ಸವದ ಹೊತ್ತಿಗೆ ಆ ಹತ್ತು ವರ್ಷದ ಹುಡುಗನಿಗೆ ಹನ್ನೊಂದು ತುಂಬಿರುತ್ತದೆ. ಅಷ್ಟರಲ್ಲಿ 24 ಸಂಜೆಗಳು ಕಳೆದಿರುತ್ತವೆ. ಅವನು ಅಜ್ಜನ ಪಕ್ಕದಲ್ಲಿ ಕುಳಿತು ಕೇಳಿದ್ದರೆ, ಅಂದು ಮಂಟಪದ ಬಳಿ ಇನ್ನೊಂದು ಮಗು ಅದೇ ಪ್ರಶ್ನೆಯನ್ನು ಕೇಳಿದಾಗ ಉತ್ತರ ಹೇಳುವವನು ಅವನೇ ಆಗುತ್ತಾನೆ.

ಆ ಭಾಗ್ಯ ಈ ಬಸದಿಗೆ ಒದಗಲಿ. ಎಲ್ಲರಿಗೂ ಜಯ ಜಿನೇಂದ್ರ.